ಅಪ್ಪನ ಯೆಜ್ಡಿ: ಮೊದಲು ಓಡಲಿ, ಆಮೇಲೆ ಹೊಳೆಯಲಿ

ಪ್ರಶ್ನೆ: ನಮ್ಮ ಅಪ್ಪನದು 1977ರ ಯೆಜ್ಡಿ 250. ರಾಜಾಜಿನಗರದ ಮನೆ ಹಿಂದಿನ ಶೀಟ್ ಶೆಡ್‌ನಲ್ಲಿ ಇಪ್ಪತ್ತು ವರ್ಷದಿಂದ ನಿಂತಿದೆ. ಅಪ್ಪ ಈಗಿಲ್ಲ. ಕಿಕ್ಕರ್ ಒಂದಿಂಚೂ ಅಲುಗಾಡುತ್ತಿಲ್ಲ. ಟ್ಯಾಂಕ್ ಒಳಗೆಲ್ಲ ತುಕ್ಕು, ವೈರನ್ನು ಇಲಿ ಕಡಿದಿದೆ. ನೋಡಲು ಬಂದ ಮೆಕ್ಯಾನಿಕ್ ಪೂರ್ತಿ ಬಿಚ್ಚಿ, ಕ್ರೋಮ್, ಪೇಂಟ್ ಮಾಡಿಸಿ ಜೋಡಿಸೋಣ ಅಂದರು. ನನಗೆ ಭಾನುವಾರಗಳಲ್ಲಿ ನಾನೇ ಮಾಡುವ ಆಸೆ. ಸ್ಪ್ಯಾನರ್ ಹಿಡಿದ ಅನುಭವ ಅಷ್ಟಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವೇ ಮಾಡಿ. ಹೊಸಬರು ಕಲಿಯೋದಕ್ಕೆ ಹಳೇ ಯೆಜ್ಡಿಗಿಂತ ಒಳ್ಳೇ ಗಾಡಿ ಸಿಗೋದು ಕಷ್ಟ. ಟೂ ಸ್ಟ್ರೋಕ್ ಎಂಜಿನ್, ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಕಂಪ್ಯೂಟರ್ ಅಂತೂ ಇಲ್ಲವೇ ಇಲ್ಲ. ಕಿಕ್ಕರ್ ಜಾಮ್ ಆಗಿದೆ ಅಂದ ಮಾತ್ರಕ್ಕೆ ಎಂಜಿನ್ ಮುಗಿಯಿತು ಅಂತಲ್ಲ. ಇಷ್ಟು ವರ್ಷ ನಿಂತ ಗಾಡಿಯಲ್ಲಿ ಅದು ಮಾಮೂಲಿ.

ಆದರೆ ಪೂರ್ತಿ ಬಿಚ್ಚುವ ಮಾತಿಗೆ ಈಗಲೇ ಒಪ್ಪಬೇಡಿ. ಬೆಂಗಳೂರಿನ ಎಷ್ಟೋ ಮನೆಗಳ ಮಹಡಿ ಮೇಲೆ, ಕಾರ್ ಶೆಡ್ ಮೂಲೆಯಲ್ಲಿ ರಟ್ಟಿನ ಡಬ್ಬಗಳಲ್ಲಿ ಬಿಡಿಬಿಡಿಯಾಗಿ ಬಿದ್ದಿರುವ ಬೈಕುಗಳಿವೆ. ಎಲ್ಲವೂ ಹೀಗೇ ಉತ್ಸಾಹದಲ್ಲಿ ಬಿಚ್ಚಿದವು. ಬಿಚ್ಚೋದಕ್ಕೆ ಒಂದು ಭಾನುವಾರ ಸಾಕು. ಜೋಡಿಸುವಾಗ ಯಾವ ಬೋಲ್ಟ್ ಎಲ್ಲಿಯದು ಅಂತ ಗೊತ್ತಾಗದೆ ಕೆಲಸ ನಿಲ್ಲುತ್ತದೆ, ಆಮೇಲೆ ಮನಸ್ಸೂ ನಿಲ್ಲುತ್ತದೆ. ಇನ್ನೊಂದು ವಿಷಯ. ಓಡಿಸದೆ ಗಾಡಿಯ ರೋಗ ಪೂರ್ತಿ ಗೊತ್ತಾಗುವುದಿಲ್ಲ. ಮೂರನೇ ಗೇರ್ ಜಾರುತ್ತಾ, ಕ್ಲಚ್ ಹಿಡಿಯುತ್ತಾ, ಪಿಸ್ಟನ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ಅದರ ಬೇರಿಂಗ್ ಸದ್ದು ಮಾಡುತ್ತಾ? ಇದೆಲ್ಲ ಎಂಜಿನ್ ಓಡಿದಾಗಲೇ ತಿಳಿಯೋದು. ಪೇಂಟ್ ಮಾಡಿಸಿ ಜೋಡಿಸಿದ ಮೇಲೆ ಗೊತ್ತಾದರೆ ಹೊಸ ಬಣ್ಣದ ಮೇಲೆ ಮತ್ತೆ ಸ್ಪ್ಯಾನರ್ ಆಡಬೇಕು. ಅದಕ್ಕೆ ಮೊದಲು ಗಾಡಿ ಹೇಗಿದೆಯೋ ಹಾಗೇ ಎದ್ದು ಓಡಲಿ. ಅಂದ ಚೆಂದ ಆಮೇಲೆ.

ಅದಕ್ಕೂ ಮುಂಚೆ ಕಾಗದ ನೋಡಿ. ಆರ್‌ಸಿ ಪುಸ್ತಕ ಹುಡುಕಿ, ಅದರಲ್ಲಿರುವ ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಗಾಡಿಯ ಮೇಲಿನ ನಂಬರಿಗೆ ಹೋಲಿಸಿ. ತುಕ್ಕಿದ್ದರೆ ಗ್ರೈಂಡರ್ ಹಿಡಿಯಬೇಡಿ. ಸೀಮೆಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿ, ಮೇಲೆ ಕಾಗದ ಇಟ್ಟು ಪೆನ್ಸಿಲ್‌ನಲ್ಲಿ ಉಜ್ಜಿ, ಅಂಕಿ ಮೂಡುತ್ತದೆ. ಅಪ್ಪನ ಹೆಸರಿನಿಂದ ನಿಮ್ಮ ಹೆಸರಿಗೆ ಬರಲು ಫಾರಂ 31 ಬೇಕು. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಫಾರಂ 25. ಆಮೇಲೆ 5 ವರ್ಷಕ್ಕೊಮ್ಮೆ ಮತ್ತೆ ನವೀಕರಣ. ನಿಮ್ಮದು 1989ಕ್ಕಿಂತ ಹಿಂದಿನ ಗಾಡಿ, ಅಂದರೆ ಕೆಎ ಬರುವ ಮುಂಚಿನ ಎಂವೈ, ಎಂಇ, ಸಿಎ ಥರದ ನಂಬರ್. ಇಂಥ ಗಾಡಿಗಳ ದಾಖಲೆ ಎಷ್ಟೋ ಸಲ ಕಂಪ್ಯೂಟರಿಗೆ ಏರಿರುವುದಿಲ್ಲ. ಹಾಗಾಗಿ ಗಾಡಿ ರೆಡಿಯಾಗುವವರೆಗೆ ಕಾಯದೆ, ಈಗಲೇ ಆರ್‌ಟಿಒಗೆ ಹೋಗಿ ವಿಚಾರಿಸಿ.

2027ಕ್ಕೆ ಗಾಡಿಗೆ 50 ವರ್ಷ ತುಂಬುತ್ತದೆ, ಆಗ ವಿಂಟೇಜ್ ನಂಬರ್ ತಗೊಳ್ಳಿ ಅಂತ ಯಾರಾದರೂ ಹೇಳಬಹುದು. 2021ರ ಕೇಂದ್ರ ನಿಯಮದಲ್ಲಿ ವಿಎ ಅಕ್ಷರದ ಆ ನಂಬರಿಗೆ ಅವಕಾಶ ಇದೆ, ನಿಜ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನಾ ಓಡಿಸುವಂತಿಲ್ಲ. ಭಾನುವಾರ ಬೆಳಗ್ಗೆ ತಿಂಡಿಗೆ ಅಂತ ಹೊರಡುವ ಆಸೆ ಇದ್ದರೆ ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಳ್ಳಿ.

ಈಗ ಜಾಮ್ ಆಗಿರುವ ಎಂಜಿನ್ ಕಡೆ ಬರೋಣ. ಕಿಕ್ಕರ್ ಮೇಲೆ ನಿಂತು ತುಳಿಯಬೇಡಿ. ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ ಅಲ್ವಾ, ಜೋರು ಮಾಡಿದರೆ ಒಳಗಿನ ಕಿಕ್ ಹಲ್ಲು ಮುರಿಯುತ್ತದೆ. ಸಣ್ಣ ಕೆಲಸ ದೊಡ್ಡದಾಗುತ್ತದೆ. ಮೊದಲು ಸ್ಪಾರ್ಕ್ ಪ್ಲಗ್ ತೆಗೆಯಿರಿ. ಎರಡೂ ಸೈಲೆನ್ಸರ್ ಬೆಂಡ್ ಪೈಪು ಬಿಚ್ಚಿ. ಈಗ ಮುಂದೆ ಕೂತು, ಎಕ್ಸಾಸ್ಟ್ ತೂತಿನಿಂದ ಟಾರ್ಚ್ ಬಿಟ್ಟು ನೋಡಿ. ಟೂ ಸ್ಟ್ರೋಕ್‌ನಲ್ಲಿ ಇದೊಂದು ಅನುಕೂಲ: ಎಂಜಿನ್ ಬಿಚ್ಚದೆ ಪಿಸ್ಟನ್ನಿನ ಮೈ, ರಿಂಗು, ಸಿಲಿಂಡರ್ ಗೋಡೆ ಎಲ್ಲ ಕಾಣುತ್ತದೆ. ಗೋಡೆ ಮೇಲೆ ಕಂದು ಪುಡಿಯಂಥ ತೆಳು ತುಕ್ಕಿದ್ದರೆ ಭಯ ಬೇಡ. ಎರಕದ ಕಬ್ಬಿಣದ ಸಿಲಿಂಡರ್, ತೇವಕ್ಕೆ ತುಕ್ಕು ಹಿಡಿದು ರಿಂಗನ್ನು ಕಚ್ಚಿಕೊಂಡಿರುತ್ತದೆ, ಅಷ್ಟೆ. ಗುಳಿ ಬಿದ್ದ ಕಪ್ಪು ಕಲೆಗಳಿದ್ದರೆ ರೀಬೋರ್, ಅಂದರೆ ಸಿಲಿಂಡರನ್ನು ಒಳಗಿನಿಂದ ಕೊರೆದು ದೊಡ್ಡದು ಮಾಡುವ ಕೆಲಸ, ಖಚಿತ. ಹಾಗಿದ್ದರೂ ಬಿಡಿಸುವ ದಾರಿ ಒಂದೇ.

ಪ್ಲಗ್ ತೂತಿನಿಂದ ಡೀಸೆಲ್ ಮತ್ತು ತೆಳು ಗೇರ್ ಆಯಿಲ್ ಸಮ ಬೆರೆಸಿ ಹಾಕಿ. ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಸಿಕ್ಕರೆ ಇನ್ನೂ ಒಳ್ಳೆಯದು. ಎಕ್ಸಾಸ್ಟ್ ತೂತಿನ ಕಡೆಯಿಂದಲೂ ಸ್ವಲ್ಪ ಬಿಡಿ. ಒಂದು ವಾರ ಸುಮ್ನೆ ಬಿಟ್ಟುಬಿಡಿ, ಕಡಿಮೆಯಾದ ಹಾಗೆ ತುಂಬಿಸಿ. ಆಮೇಲೆ ಟಾಪ್ ಗೇರ್‌ಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದಕ್ಕೂ ಮುಂದಕ್ಕೂ ತೂಗಿ. ಎಳೆಯಬೇಡಿ, ತೂಗಿ. ಕೂದಲೆಳೆಯಷ್ಟು ಅಲುಗಿದರೂ ಗೆದ್ದ ಹಾಗೆ. ಮತ್ತೆ ಎಣ್ಣೆ ಬಿಡಿ, ಮಾರನೇ ದಿನ ಮತ್ತೆ ತೂಗಿ. ಹೆಡ್ ಬಿಚ್ಚಿ ಪಿಸ್ಟನ್ ತಲೆ ಮೇಲೆ ಸುತ್ತಿಗೆ ಹೊಡೆಯುವವರಿದ್ದಾರೆ. ದಯವಿಟ್ಟು ಯಾರಿಗೂ ಬಿಡಬೇಡಿ. ಪಿಸ್ಟನ್ ಹೋಗಲಿ, ಕನೆಕ್ಟಿಂಗ್ ರಾಡ್ ಬೆಂಡಾದರೆ ಪೂರ್ತಿ ಕ್ರ್ಯಾಂಕ್ ಕೆಲಸ ಬೀಳುತ್ತದೆ.

ತಿರುಗಲು ಶುರುವಾದರೂ ಹಾಗೇ ಸ್ಟಾರ್ಟ್ ಮಾಡಬೇಡಿ. ಹೆಡ್ ಮತ್ತು ಸಿಲಿಂಡರ್ ಒಮ್ಮೆ ಎತ್ತಲೇಬೇಕು. ಎತ್ತುವಾಗ ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸ್ ಬಾಯಿಗೆ ಒಣ ಬಟ್ಟೆ ತುರುಕಿ. ಪಿಸ್ಟನ್ ಪಿನ್ನಿನ ಸರ್ಕ್ಲಿಪ್ ಜಾರಿ ಒಳಗೆ ಬಿದ್ದರೆ ಎಂಜಿನ್ ಇಳಿಸಬೇಕಾದೀತು. ರಿಂಗನ್ನು ಪಿಸ್ಟನ್ನಿನಿಂದ ತೆಗೆದು ಖಾಲಿ ಸಿಲಿಂಡರ್ ಒಳಗೆ ಇಟ್ಟು, ಪಿಸ್ಟನ್ನಿನಿಂದಲೇ ನೇರವಾಗಿ ತಳ್ಳಿ, ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ. ನಿಮ್ಮ ಎಂಜಿನ್ 65 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 75 ಮಿ.ಮೀ. ಸ್ಟ್ರೋಕ್‌ನದು (ಪಿಸ್ಟನ್ ಓಡಾಡುವ ದೂರ). ಈ ಬೋರಿಗೆ ಹೊಸ ರಿಂಗಿನ ಸಂದಿ ಸುಮಾರು 0.25 ಮಿ.ಮೀ. ಇರಬೇಕು. ಹಳೇ ರಿಂಗಿನಲ್ಲಿ ಅದರ ಮೂರರಷ್ಟು ಕಂಡರೆ ರಿಂಗು ಅಥವಾ ಬೋರು ಸವೆದಿದೆ ಅಂತ ಅರ್ಥ. ಪಿಸ್ಟನ್ ಹಾಕುವಾಗ ರಿಂಗ್ ಕೂರುವ ತೋಡಿನಲ್ಲಿರುವ ಪುಟ್ಟ ಪಿನ್ನನ್ನು ನೋಡಿಕೊಳ್ಳಿ. ರಿಂಗಿನ ಎರಡು ತುದಿ ಸರಿಯಾಗಿ ಆ ಪಿನ್ನಿಗೆ ಕೂರಬೇಕು. ಕೂರದಿದ್ದರೆ ತುದಿ ಪೋರ್ಟಿಗೆ, ಅಂದರೆ ಸಿಲಿಂಡರ್ ಗೋಡೆಯ ತೂತಿಗೆ, ಸಿಕ್ಕಿ ಮುರಿಯುತ್ತದೆ.

ರೀಬೋರ್ ಬೇಕಾದರೆ ಮೊದಲು ಓವರ್‌ಸೈಜ್ ಪಿಸ್ಟನ್ ಕೊಳ್ಳಿ, ಆಮೇಲೆ ಸಿಲಿಂಡರ್ ಜತೆ ಅದನ್ನೂ ಲೇತಿಗೆ ಕೊಂಡೊಯ್ಯಿರಿ. 0.25 ಮಿ.ಮೀ. ಹೆಜ್ಜೆಯಲ್ಲಿ ಸೈಜುಗಳು ಬರುತ್ತವೆ. ಕೈಯಲ್ಲಿರುವ ಪಿಸ್ಟನ್ನನ್ನು ಅಳೆದೇ ಬೋರ್ ಮಾಡಬೇಕು, ಡಬ್ಬಿ ಮೇಲೆ ಬರೆದ ಅಂಕಿ ನಂಬಿ ಅಲ್ಲ. ಕೆಲಸ ಮುಗಿದ ಮೇಲೆ ಸಿಲಿಂಡರ್ ಒಳಗೆ ಬೆರಳಾಡಿಸಿ. ಪೋರ್ಟಿನ ಅಂಚುಗಳು ಚೂಪಾಗಿದ್ದರೆ ಸಣ್ಣಗೆ ಮೊಂಡು ಮಾಡಿಕೊಡಿ ಅಂತ ಕೇಳಿ. ಕಾರಿನ ಬೋರು ಮಾಡುವ ಅಂಗಡಿಗಳಲ್ಲಿ ಇದು ಮರೆತುಹೋಗುತ್ತದೆ, ಅದರಿಂದಲೇ ಹೊಸ ರಿಂಗು ಬೇಗ ಹಾಳಾಗುತ್ತದೆ.

ಲೇತಿಗೂ ಪಾರ್ಟಿಗೂ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆ ಹೋಗಬೇಕಾಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್. ಅವರ ಹೆಸರಿನ ರಸ್ತೆಯಲ್ಲೇ ಇಂದಿಗೂ ಆ ಕಾರ್ಖಾನೆಯ ಗಾಡಿಗೆ ಪಾರ್ಟ್ ಹುಡುಕುತ್ತೇವೆ ಅನ್ನೋದು ನನಗೆ ತುಂಬ ಇಷ್ಟವಾದ ಸಂಗತಿ. ಶಿವಾಜಿನಗರದ ಗುಜರಿಯನ್ನೂ ಮರೆಯಬೇಡಿ. ಕಾರ್ಖಾನೆ 1996ರಲ್ಲಿ ಮುಚ್ಚಿತು. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂತು, ಆದರೆ ಅದು ಬೇರೆಯೇ ಬೈಕು, ಅದರ ಎಂಜಿನ್ ಪಾರ್ಟ್ ನಿಮ್ಮದಕ್ಕೆ ಬರುವುದಿಲ್ಲ. ಹಾಗಾಗಿ ನಿಮ್ಮ ಗಾಡಿಯಿಂದ ಬಿಚ್ಚಿದ ಯಾವುದನ್ನೂ ಎಸೆಯಬೇಡಿ. ಮೈಸೂರಿನಿಂದ ಬಂದ ಹಳೇ ಚೈನ್ ಕವರ್, ಲಿವರ್, ಹಬ್ ಇವತ್ತಿನ ನಕಲಿಗಿಂತ ಎಷ್ಟೋ ಗಟ್ಟಿ. ಸೊಟ್ಟಗಾಗಿದ್ದರೆ ತಟ್ಟಿಸಿ, ಬಿರುಕಿದ್ದರೆ ವೆಲ್ಡ್ ಮಾಡಿಸಿ. ಮಾಡಿಸಿಕೊಟ್ಟ ಮೆಕ್ಯಾನಿಕ್ ಹತ್ತಿರವೂ ಹಳೇ ಪಾರ್ಟ್ ಕೇಳಿ ವಾಪಸ್ ತಗೊಳ್ಳಿ.

ಇನ್ನು ಎಲ್ಲರೂ ಬಿಟ್ಟುಬಿಡುವ ಜಾಗ: ಕ್ರ್ಯಾಂಕಿನ ಆಯಿಲ್ ಸೀಲ್. ಟೂ ಸ್ಟ್ರೋಕ್ ಎಂಜಿನ್ ಪಿಸ್ಟನ್ನಿನ ಕೆಳಗಡೆಯೂ ಉಸಿರಾಡುತ್ತದೆ. ಪೆಟ್ರೋಲ್, ಗಾಳಿ ಎರಡೂ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ ಮೇಲೆ ಹೋಗುತ್ತವೆ. ಆ ಕೋಣೆ ಗಾಳಿಯಾಡದಂತೆ ಮುಚ್ಚಿರಬೇಕು. ಮುಚ್ಚೋದು ಕ್ರ್ಯಾಂಕಿನ ಎರಡೂ ತುದಿಯ ರಬ್ಬರ್ ಸೀಲುಗಳು. ಇಪ್ಪತ್ತು ವರ್ಷ ನಿಂತರೆ ಆ ರಬ್ಬರ್ ಒಣಗಿ ಬೆರಳಲ್ಲಿ ಪುಡಿಯಾಗುವಷ್ಟು ಗಡುಸಾಗಿರುತ್ತದೆ. ಬಲಗಡೆ ಡೈನಮೋ ಹಿಂದಿನ ಸೀಲ್ ಹೋದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ. ಥ್ರಾಟಲ್ ಬಿಟ್ಟರೂ ರೇಸ್ ಇಳಿಯುವುದಿಲ್ಲ, ಎಂಜಿನ್ ವಿಪರೀತ ಬಿಸಿಯಾಗುತ್ತದೆ, ಕೊನೆಗೆ ಹೊಸ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ಎಡಗಡೆ ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲನ್ನೇ ಎಂಜಿನ್ ಕುಡಿಯುತ್ತದೆ. ಬೀದಿ ತುಂಬ ಬಿಳಿ ಹೊಗೆ, ಗೇರ್ ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ. ರೀಬೋರ್ ಮಾಡಿಸಿದ ಮೇಲೂ ಹೊಗೆ ನಿಲ್ಲಲಿಲ್ಲ ಅಂತ ಬೈದುಕೊಳ್ಳುವವರ ಗಾಡಿಯಲ್ಲಿ ಹೆಚ್ಚಾಗಿ ಇದೇ ಕತೆ.

ಸೀಲ್ ಹೇಗಿದೆ ಅಂತ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದೊಂದರಿಂದ ನಿಮ್ಮ ದುಡ್ಡು ಬಹಳ ಉಳಿಯುತ್ತದೆ. ಮನೆಯಲ್ಲಿ ಹಳೇ ಬಿಪಿ ಮಾಪಕ ಇದೆಯಾ? ಕೈಯಲ್ಲಿ ಒತ್ತುವ ರಬ್ಬರ್ ಬಲ್ಬ್, ಗಡಿಯಾರದಂಥ ಡಯಲ್ ಇರುವುದು. ಸಿಲಿಂಡರ್, ಹೆಡ್ ಜೋಡಿಸಿ, ಪ್ಲಗ್ ಬಿಗಿ ಮಾಡಿ. ಎರಡೂ ಎಕ್ಸಾಸ್ಟ್ ತೂತಿಗೆ ಹಳೇ ಟ್ಯೂಬಿನ ರಬ್ಬರ್ ತುಂಡಿಟ್ಟು, ಮೇಲೆ ತಗಡಿನ ಚೂರು ಒತ್ತಿ ಮುಚ್ಚಿ. ಪಿಸ್ಟನ್ ಕೆಳಗಿರಲಿ, ಎಕ್ಸಾಸ್ಟ್ ಪೋರ್ಟ್ ತೆರೆದಿರಲಿ. ಇನ್‌ಲೆಟ್ ಪೋರ್ಟನ್ನು ಆಗ ಪಿಸ್ಟನ್ ಮೈಯೇ ಅಡ್ಡಗಟ್ಟಿರುತ್ತದೆ, ಅದಕ್ಕೆ ಗಾಳಿಯನ್ನು ಎಕ್ಸಾಸ್ಟ್ ಕಡೆಯಿಂದ ಬಿಡಬೇಕು. ಮುಚ್ಚಿದ ಎರಡು ರಬ್ಬರುಗಳಲ್ಲಿ ಒಂದಕ್ಕೆ ಸೈಕಲ್ ಟ್ಯೂಬಿನ ವಾಲ್ವ್ ಕಾಂಡ ಕೂರಿಸಿ, ಒಳಗಿನ ಪಿನ್ ತೆಗೆದು, ಬಿಪಿ ಬಲ್ಬಿನ ಪೈಪು ಸಿಕ್ಕಿಸಿ. ಕಾರ್ಬೊರೇಟರ್ ತೆಗೆದು ಆ ಬಾಯಿಗೂ ರಬ್ಬರ್ ಕಟ್ಟಿ. ಈಗ ನಿಧಾನವಾಗಿ 250ರವರೆಗೆ ಒತ್ತಿ. ಅದಕ್ಕಿಂತ ಜಾಸ್ತಿ ಬೇಡ.

ಮುಳ್ಳು ನೋಡಿ. ಆರು ನಿಮಿಷದಲ್ಲಿ 50ರಷ್ಟು ಮಾತ್ರ ಇಳಿದರೆ ಎಂಜಿನ್ ಬಿಗಿಯಾಗಿದೆ. ಸರ್ರನೆ ಇಳಿದರೆ ಸೋಪಿನ ನೀರು ತಗೊಂಡು ನೀವು ಕಟ್ಟಿದ ರಬ್ಬರುಗಳ ಅಂಚಿಗೆ ಮೊದಲು ಬಳಿಯಿರಿ, ಬಹಳ ಸಲ ಅಲ್ಲೇ ಸೋರುತ್ತಿರುತ್ತದೆ. ಆಮೇಲೆ ಹೆಡ್ ಸಂದಿ, ಸಿಲಿಂಡರ್ ಬುಡ, ಕ್ರ್ಯಾಂಕ್‌ಕೇಸಿನ ಜೋಡಣೆ ಗೆರೆ, ಡೈನಮೋ ಹಿಂಬದಿ. ಗುಳ್ಳೆ ಬಂದ ಕಡೆ ಸೋರಿಕೆ. ಎಲ್ಲೂ ಗುಳ್ಳೆ ಇಲ್ಲ, ಆದರೂ ಮುಳ್ಳು ಇಳಿಯುತ್ತಿದೆ ಅಂದರೆ ಗೇರ್ ಆಯಿಲ್ ತುಂಬುವ ಮುಚ್ಚಳ ತೆಗೆದು, ಆ ತೂತಿಗೆ ಸೋಪಿನ ಪೊರೆ ಕಟ್ಟಿಸಿ. ಪೊರೆ ಉಬ್ಬಿತಾ? ಕ್ಲಚ್ ಕಡೆಯ ಸೀಲ್ ಹೋಗಿದೆ. ಅದನ್ನು ಬದಲಿಸಲು ಕ್ಲಚ್, ಪ್ರೈಮರಿ ಚೈನ್ ಬಿಚ್ಚಬೇಕು, ಪುಲ್ಲರ್ ಬೇಕು. ಆ ದಿನ ಯೆಜ್ಡಿ ಬಲ್ಲ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಯಿರಿ, ಪಕ್ಕದಲ್ಲಿ ಕೂತು ಕೈ ಜೋಡಿಸಿ. ನಾನೇ ಮಾಡಬೇಕು ಅನ್ನುವ ಹಟಕ್ಕೆ ಇದು ಜಾಗವಲ್ಲ.

ಟ್ಯಾಂಕಿಗೆ ಬನ್ನಿ. ಪೆಟ್ರೋಲ್ ಕಾಕ್ ಬಿಚ್ಚಿ ತೂತು ಮುಚ್ಚಿ, ಬಿಸಿನೀರಿಗೆ ಲೀಟರಿಗೆ 50 ರಿಂದ 100 ಗ್ರಾಂ ಸಿಟ್ರಿಕ್ ಆಸಿಡ್ ಕಲಸಿ ತುಂಬಿ, ಒಂದು ದಿನ ಬಿಡಿ. ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುತ್ತದಲ್ಲ, ಅದೇ. ಮಂದ ತುಕ್ಕಿದ್ದರೆ ಒಳಗೆ ಹಿಡಿಯಷ್ಟು ನಟ್ಟು ಹಾಕಿ ಕುಲುಕಿ, ಹಾಕುವ ಮುಂಚೆ ಎಣಿಸಿಕೊಳ್ಳಿ. ಆಮೇಲೆ ಅಡಿಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ, ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಸುತ್ತಾಡಿಸಿ. ಒದ್ದೆ ಬಿಟ್ಟರೆ ಸಂಜೆಯೊಳಗೆ ಹೊಸ ತುಕ್ಕು ಬರುತ್ತದೆ.

ಈಗಿನ ಪೆಟ್ರೋಲ್ ಬಗ್ಗೆ ಒಂದು ಮಾತು. 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇ20, ಅಂದರೆ ನೂರಕ್ಕೆ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್, ಬಿಡುಗಡೆ ಆಯಿತು. ಈಗ ಬಂಕುಗಳಲ್ಲಿ ಸಿಗೋದು ಹೆಚ್ಚಾಗಿ ಅದೇ. 1977ರಲ್ಲಿ ನಮ್ಮಲ್ಲಿ ಇಂಥ ಪೆಟ್ರೋಲ್ ಇರಲಿಲ್ಲ. ಎಥನಾಲ್ ತೇವ ಹೀರುತ್ತದೆ, ಹಳೇ ರಬ್ಬರ್ ಪೈಪು, ವಾಷರ್ ಮೆತ್ತಗಾಗಿಸುತ್ತದೆ. ಅದಕ್ಕೆ ಪೈಪು, ಕಾಕಿನ ವಾಷರ್ ಎಲ್ಲ ಹೊಸದು ಹಾಕಿ. ಎಥನಾಲ್ ಇದ್ದಷ್ಟೂ ಅದೇ ಗಾಳಿಗೆ ಇಂಧನ ಜಾಸ್ತಿ ಬೇಕು. ಇ20ಗೆ ಸುಮಾರು ನೂರಕ್ಕೆ ಏಳೆಂಟರಷ್ಟು. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡಿಗೆ ಜೆಟ್ ಅಂತಾರೆ, ಹಳೇ ಜೆಟ್ಟಿನಲ್ಲೇ ಓಡಿಸಿದರೆ ಎಂಜಿನ್ ಬಿಸಿಯಾಗುತ್ತದೆ. ಗಾಡಿಯಲ್ಲಿ ಜಿಕಾವ್ ಕಾರ್ಬೊರೇಟರ್ ಇದ್ದರೂ ಸರಿ, ಯಾರಾದರೂ ಮಿಕಾರ್ಬ್ ಹಾಕಿದ್ದರೂ ಸರಿ, ಬಿಚ್ಚಿ ತೊಳೆದು, ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ಶುರು ಮಾಡಿ. ಜೆಟ್ಟಿಗೆ ತಂತಿ ಚುಚ್ಚಬೇಡಿ. ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್, ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡಿ.

ಕರೆಂಟಿನ ಕೆಲಸ ಜನ ಹೆದರುವಷ್ಟು ಕಷ್ಟವಲ್ಲ. ಇಲಿ ಕಡಿದ ವೈರಿಗೆ ಟೇಪ್ ಸುತ್ತುತ್ತಾ ಕೂರಬೇಡಿ. ಹಳೇ ಹಾರ್ನೆಸ್ಸನ್ನು ನೆಲದ ಮೇಲೆ ಹರಡಿ, ಅದೇ ಅಳತೆ, ಅದೇ ಬಣ್ಣದಲ್ಲಿ ಹೊಸದು ಕಟ್ಟಿ. ಎಸ್.ಪಿ. ರಸ್ತೆಯಲ್ಲಿ ಒಂದು ಸಾಧಾರಣ ಮಲ್ಟಿಮೀಟರ್ ಕೊಳ್ಳಿ. ನಿಮ್ಮದು 6 ವೋಲ್ಟ್ ಡೈನಮೋ ಗಾಡಿ, ಸ್ಪಾರ್ಕ್ ಬ್ಯಾಟರಿಯಿಂದಲೇ ಬರಬೇಕು. ಬ್ಯಾಟರಿ ಸತ್ತಿದ್ದರೆ ಎಷ್ಟು ಕಿಕ್ ಹೊಡೆದರೂ ಪ್ರಯೋಜನ ಇಲ್ಲ. ಸ್ಪಾರ್ಕಿಗಾಗಿ ಕರೆಂಟ್ ಕಡಿದು ಕೊಡುವ ಸಿಬಿ ಪಾಯಿಂಟಿನ ಮುಖ ನುಣ್ಣನೆ ಎಮರಿಯಲ್ಲಿ ಉಜ್ಜಿ, ಪೂರ್ತಿ ತೆರೆದಾಗ ಸಂದಿ 0.4 ಮಿ.ಮೀ. ಇಡಿ. ಕಂಡೆನ್ಸರ್ ಹೊಸದೇ ಹಾಕಿ.

ಬ್ರೇಕ್, ಟೈರ್ ವಿಷಯದಲ್ಲಿ ಚೌಕಾಸಿ ಬೇಡ. ಟೈರಿನ ಬಟನ್ ಚೆನ್ನಾಗಿದ್ದರೂ ರಬ್ಬರ್ ಕಲ್ಲಾಗಿರುತ್ತದೆ. ಟ್ಯೂಬ್ ಸಮೇತ ಬದಲಿಸಿ. ಬ್ರೇಕ್ ಶೂ ಲೈನಿಂಗ್ ಅಂಟು ಬಿಟ್ಟು ಓಡುವಾಗ ಕಳಚಿಕೊಂಡರೆ ಚಕ್ರ ಅಲ್ಲೇ ಲಾಕ್ ಆಗುತ್ತದೆ. ಹಳೇ ಡ್ರಮ್ಮಿನ ಧೂಳನ್ನು ಬಾಯಲ್ಲಿ ಊದಬೇಡಿ, ಆ ಕಾಲದ ಲೈನಿಂಗಿನಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ಎಸೆಯಿರಿ.

ಸ್ಟಾರ್ಟ್ ಮಾಡುವ ದಿನ ಗೇರ್ ಆಯಿಲ್ ಹೊಸದಿರಲಿ. ಪೆಟ್ರೋಲಿಗೆ ಲೀಟರಿಗೆ 50 ಮಿ.ಲೀ. ಟೂಟಿ ಆಯಿಲನ್ನು ಕ್ಯಾನಿನಲ್ಲೇ ಚೆನ್ನಾಗಿ ಕಲಸಿ ಟ್ಯಾಂಕಿಗೆ ಹಾಕಿ. ರನ್ನಿಂಗ್ ಇನ್ ಆದ ಮೇಲೆ 40 ಮಿ.ಲೀ. ಸಾಕು. ಮೊದಲ ಸಲ ಹೊಗೆ ಜಾಸ್ತಿ ಬರುತ್ತದೆ, ಸೈಲೆನ್ಸರ್ ಒಳಗಿನ ಹಳೇ ಎಣ್ಣೆ, ನೀವು ಸುರಿದ ಡೀಸೆಲ್ ಎಲ್ಲ ಉರಿಯಬೇಕಲ್ಲ. ಅಕ್ಕಪಕ್ಕದ ಮನೆಯವರಿಗೆ ಮುಂಚೆಯೇ ಒಂದು ಮಾತು ಹೇಳಿಬಿಡಿ. ಕಾಗದ, ಇನ್ಶೂರೆನ್ಸ್ ಆದ ಮೇಲೆ ಬೆಳಗಿನ ಜಾವ ಟ್ರಾಫಿಕ್ ಇಲ್ಲದಾಗ ರಸ್ತೆಗಿಳಿಸಿ. ಹೊಸ ಪಿಸ್ಟನ್ ಆದರೆ ಮೊದಲ 500 ಕಿ.ಮೀ. ಒಂದೇ ವೇಗದಲ್ಲಿ ಎಳೆಯಬೇಡಿ, ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿಕೊಂಡು ಜಾರಬೇಡಿ. ಥ್ರಾಟಲ್ ಮುಚ್ಚಿದರೆ ಪೆಟ್ರೋಲ್ ಜತೆ ಎಣ್ಣೆಯೂ ನಿಲ್ಲುತ್ತದೆ. ಒಂದು ಸುತ್ತು ಬಂದು ಪ್ಲಗ್ ತೆಗೆದು ನೋಡಿ. ಕಂದು ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ನಿಲ್ಲಿಸಿ, ಜೆಟ್ ದೊಡ್ಡದು ಮಾಡಿ ಅಥವಾ ಗಾಳಿ ಎಲ್ಲಿಂದ ಬರುತ್ತಿದೆ ಹುಡುಕಿ.

ಒಂದು ಮಳೆಗಾಲ ಹೀಗೇ ಓಡಿಸಿ. ಆಮೇಲೆ ಬಣ್ಣ ಬೇಕೋ ಬೇಡವೋ ನೀವೇ ಹೇಳುತ್ತೀರಿ. ನನ್ನನ್ನು ಕೇಳಿದರೆ ಟ್ಯಾಂಕಿನ ಮೇಲೆ ಅಪ್ಪನ ಮಂಡಿ ತಾಗಿ ಸವೆದ ಜಾಗ ಇದ್ದರೆ ಅದನ್ನು ಮುಟ್ಟುವುದಿಲ್ಲ. ಮೇಣ ಹಚ್ಚಿ ಹಾಗೇ ಉಳಿಸುತ್ತೇನೆ. ಮಾಡಿಸಲೇಬೇಕು ಅಂದರೆ ಡಿಸೆಂಬರ್ ನಂತರ ಮಾಡಿಸಿ, ಮಳೆಯ ತೇವಕ್ಕೆ ಪೇಂಟ್ ಮಂಕಾಗುತ್ತದೆ. ಪೀಣ್ಯದ ಕಡೆ ಕ್ರೋಮಿಗೆ ಕೊಡುವಾಗ ಪ್ರತಿ ತುಂಡಿನ ಫೋಟೋ ತೆಗೆದು, ಲೆಕ್ಕ ಬರೆಸಿಕೊಳ್ಳಿ.

ಈ ವಾರ ಕಾಗದ ಹುಡುಕಿ, ಪ್ಲಗ್ ತೂತಿಗೆ ಎಣ್ಣೆ ಬಿಡಿ, ಅಷ್ಟೇ ಸಾಕು. ಸಿಲಿಂಡರ್ ಎತ್ತಿದ ಮೇಲೆ ಪಿಸ್ಟನ್ನಿನ ಎಕ್ಸಾಸ್ಟ್ ಕಡೆಯ ಫೋಟೋ, ರಿಂಗಿನ ಸಂದಿಯ ಅಳತೆ, ಪಿಸ್ಟನ್ ತಲೆ ಮೇಲೆ ಕೊರೆದಿರುವ ಸೈಜ್ ಈ ಮೂರನ್ನೂ ಕಳಿಸಿ. ರೀಬೋರ್ ಬೇಕಾ, ಹೋನಿಂಗ್ ಮಾಡಿ (ಸಿಲಿಂಡರ್ ಗೋಡೆಯನ್ನು ಕಲ್ಲಿನಿಂದ ಸಣ್ಣಗೆ ಉಜ್ಜಿ) ಹೊಸ ರಿಂಗ್ ಹಾಕಿದರೆ ಸಾಕಾ ಅಂತ ನೋಡಿ ಹೇಳುತ್ತೇನೆ.